ಅತ್ತೆಯ ಎಡಗೈ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಲೋಮಿಯ ವಿಷಯ ಬಂದರಂತೂ ಇನ್ನಷ್ಟು ಏರುತ್ತದೆ. ಅವಳಿಗೆ ಮಾತ್ರ ಸಿಟ್ಟು ಬರುತ್ತಲೇ ಇರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ದಾವಣಗೆರೆಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ನಾನು ಆಸ್ಪತ್ರೆಯೊಂದರಲ್ಲಿ ಆಯಾ. ಅವಳು ಹುಟ್ಟಿದ್ದು ಹರಿಹರದ ಕ್ರೈಸ್ತರ ಮನೆಯಲ್ಲಿ. ಲಾರಿ ಡ್ರೈವರ್ ಬಕ್ಕೇಶನನ್ನು ಮೆಚ್ಚಿ ಮದುವೆಯಾದಳು. ಬಕ್ಕೇಶ ಲಿಂಗಾಯತ. ಅವನ ಕಡೆಯ ನೆಂಟರು ಅಂದಿನಿಂದ ಆ ಮನೆಯ ಹೊಸ್ತಿಲು ತುಳಿದಿಲ್ಲ. ತಾಯಿ ಕಸ್ತೂರಮ್ಮ ಮಾತ್ರ ಒಬ್ಬನೇ ಮಗನನ್ನು ಬಿಟ್ಟು ಎಲ್ಲಿಗೆ ಹೋದಾರು, ಅಲ್ಲೇ ಉಳಿದರು. ಸೊಸೆಯನ್ನು ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. ‘ಏ ಹರಿಹರದಾಕಿ’ ಎನ್ನುತ್ತಿದ್ದರು. ಸಲೋಮಿ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತರೆ, ‘ಹಾಲು ಉಕ್ಕತೈತೆ ನೋಡು’ ಎಂದು ಕೂಗುವರು. ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ.

ತೊಂಬತ್ತಾರರ ಮಳೆಗಾಲದಲ್ಲಿ ಕಸ್ತೂರಮ್ಮನಿಗೆ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಬಿದ್ದುಹೋಯಿತು, ಎಡಗೈ ಬೆರಳುಗಳು ಮುಷ್ಟಿಯಾಗಿ ಬಿಗಿದುಕೊಂಡವು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಆ ಮುದುಕಿ ಬುದ್ಧಿ ಬಂದಾಗಿನಿಂದ ಹನಿ ನೀರು ಕುಡಿದವರಲ್ಲ. ಆಸ್ಪತ್ರೆಯಲ್ಲಿದ್ದಷ್ಟು ದಿನ ಸಲೈನ್ ಏರಿಸಿದ್ದರು. ಮನೆಗೆ ಬಂದ ಮೇಲೂ ಅದೇ ಹಟ. ಅಂಗೈ ಬಿಚ್ಚಲಿಲ್ಲ, ಅನ್ನ ಮುಟ್ಟಲಿಲ್ಲ. ದಿಂಬಿನ ಮೇಲಿಟ್ಟು ಮಾಡ್ರಿ ಎಂದರೆ ಮುಖ ತಿರುಗಿಸಿದರು. ಸಂಜೆಗೆ ಸಲೋಮಿ ಸ್ನಾನ ಮಾಡಿ ಬಂದಳು. ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಕೈಯ ಕೆಳಗೆ ತನ್ನ ಕೈಯಿಟ್ಟು ಎತ್ತಿ ಹಿಡಿದಳು. ಲಿಂಗ ಅತ್ತೆಯ ಅಂಗೈ ಮೇಲೆ, ಅತ್ತೆಯ ಕೈ ಇವಳ ಕೈ ಮೇಲೆ. ಮುದುಕಿ ಬಲಗೈಯಿಂದ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆಮೇಲೆ ಗಂಜಿ ಕುಡಿದರು. ಅಂದಿನಿಂದ ದಿನಾ ಬೆಳಿಗ್ಗೆ ಅದೇ ಕೆಲಸ.

ಭಾನುವಾರ ಇದೆಲ್ಲ ಮುಗಿಸಿ, ಅತ್ತೆಗೆ ತಿಂಡಿ ತಿನ್ನಿಸಿ, ಎದುರುಮನೆಯ ಇಮಾಂಬೀಗೆ ಸ್ವಲ್ಪ ನೋಡಿಕೊಳ್ಳಲು ಹೇಳಿ, ನನ್ನ ಜೊತೆ ಹರಿಹರದ ಚರ್ಚಿಗೆ ಬಸ್ಸು ಹತ್ತುತ್ತಿದ್ದಳು; ನಾನೂ ಅದೇ ಚರ್ಚಿನವಳು. ಅಂಗಡಿ, ಗಿರಣಿ ಬಿಟ್ಟರೆ ಆ ಮನೆಯಿಂದ ಅವಳು ಹೊರಗೆ ಬರುತ್ತಿದ್ದುದು ಅಷ್ಟೇ. ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ರೊಟ್ಟಿಯ ಚೂರನ್ನೂ ದ್ರಾಕ್ಷಾರಸವನ್ನೂ ಕೊಡುತ್ತಾರೆ. ಅವತ್ತು ಅವಳ ಮುಖವೇ ಬೇರೆ.

‘ತಿಂಗಳೆಲ್ಲ ನಾನು ಬಡಿಸ್ತೀನಿ ಅಕ್ಕ. ಇಲ್ಲೊಂದೇ ಕಡೆ ನನಗ ಬಡಿಸ್ತಾರೆ’ ಎಂದಿದ್ದಳು.

ಅದೂ ಕೈತಪ್ಪಿತು. ಹೆಂಗಸರ ಕೂಟದಲ್ಲಿ ಯಾರಿಗೆ ಏನು ಕಷ್ಟವಿದೆಯೋ ಹೇಳಿದರೆ ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ. ಒಮ್ಮೆ ಸಲೋಮಿ ಎದ್ದು ನಿಂತು, ‘ನಮ್ಮತ್ತಿ ಬೆರಳು ಸಡಿಲಾಗ್ಲಿ ಅಂತ ಬೇಡ್ಕೊಳ್ರಿ. ಪೂಜೆಗೆ ಅಂತ ನಾನು ಬಿಡಿಸೋವಾಗ ಭಾಳ ನೋವಾಗತೈತೆ ಅವರಿಗೆ’ ಎಂದುಬಿಟ್ಟಳು. ನಾನು ಸೆರಗು ಜಗ್ಗಿದೆ, ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಮಾತು ಸಭೆಯ ಹಿರಿಯ ದೇವಪುತ್ರಪ್ಪನ ಕಿವಿಗೆ ಬಿತ್ತು, ಅಲ್ಲಿಂದ ಅಯ್ಯನವರಿಗೆ. ಇಬ್ಬರೂ ಕೂತು ಅವಳನ್ನು ಕರೆಸಿದರು. ಜೊತೆಗೆ ನಾನೂ ಹೋದೆ.

‘ಬೇರೆ ಪೂಜೆಗೆ ಕೈ ಕೊಡ್ತೀಯಂತೆ, ಹೌದೇನಮ್ಮ?’ ಎಂದರು ಅಯ್ಯನವರು.

‘ಪೂಜೆಗಲ್ರಿ, ನಮ್ಮತ್ತಿಗೆ.’

‘ಎರಡೂ ಒಂದೇ’ ಎಂದರು ದೇವಪುತ್ರಪ್ಪ.

ಒಂದೇ ಅಂತೆ! ಅವರ ತಾಯಿಯ ಮಲಮೂತ್ರ ತೆಗೆದದ್ದು ಅವರ ಹೆಂಡತಿ, ಅದು ನನಗೆ ಗೊತ್ತಿಲ್ಲವೇ? ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಯ್ಯನವರು ಕೆಟ್ಟವರಲ್ಲ. ಅವರಿಗೂ ಹೇಳಲು ಸಂಕಟವಾಯಿತು. ಆದರೂ ಹೇಳಿದರು: ‘ಅದನ್ನ ಬಿಡೋ ತನಕ ಭೋಜನಕ್ಕೆ ಬರಬ್ಯಾಡಮ್ಮ.’

ಬಿಟ್ಟರೆ ಮುದುಕಿ ಉಪವಾಸ ಬಿದ್ದು ಸಾಯುತ್ತಾರೆ. ಬಿಡದಿದ್ದರೆ ಇವಳಿಗೆ ಊಟವಿಲ್ಲ. ಬಕ್ಕೇಶ ‘ನಿಮ್ಮ ದೇವರುಗಳ ನಡುವೆ ನನ್ನ ಎಳಿಬ್ಯಾಡ್ರಿ’ ಎಂದು ಲಾರಿ ಹತ್ತಿದ. ನೀವಾದರೂ ಬಂದು ಕೈ ಹಿಡಿಯಿರಿ ಎಂದು ಅವನ ನೆಂಟರಿಗೆ ಹೇಳಿ ಕಳಿಸಿದರೆ ಒಬ್ಬರೂ ಬರಲಿಲ್ಲ. ಕೊನೆಗೆ ನಾನೇ, ‘ದಾವಣಗೆರೆಯ ಚರ್ಚಿಗೆ ಹೋಗಿ ಸುಮ್ನೆ ತಗೊಂಡು ಬಾ, ಯಾರಿಗೆ ಗೊತ್ತಾಗತೈತೆ’ ಎಂದೆ.

‘ಕದ್ದು ಉಣ್ಣೋ ಊಟಾನಾ ಅಕ್ಕ ಅದು?’ ಎಂದಳು.

ಎರಡು ವರ್ಷ ಹೀಗೇ ನಡೆಯಿತು. ಕ್ರಿಸ್ಮಸ್‌ಗೆ ಬಂದಳು, ಶುಭ ಶುಕ್ರವಾರಕ್ಕೆ ಬಂದಳು, ಸುಗ್ಗಿ ಹಬ್ಬಕ್ಕೆ ಹಿತ್ತಲ ಕುಂಬಳಕಾಯಿ ಹೊತ್ತು ತಂದಳು. ಯಾವ ವಿಶೇಷವೂ ಇಲ್ಲದ ಭಾನುವಾರಗಳಲ್ಲೂ ಬಂದಳು. ಹಾಡಿಗೆ ಎಲ್ಲರಿಗಿಂತ ಅವಳದೇ ದನಿ ಜೋರು. ಭೋಜನಕ್ಕೆ ಜನ ಎದ್ದಾಗ ಮಾತ್ರ ಮೊಣಕಾಲು ಪಕ್ಕಕ್ಕೆ ಸರಿಸಿ, ನಮಗೆಲ್ಲ ದಾರಿ ಬಿಟ್ಟು, ಬೆಂಚಿನಲ್ಲೇ ಕೂರುವಳು. ತಿರುಗಿ ಬರುವಾಗ ಅವಳ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

‘ಹೋಗೋದೇ ಬಿಡು, ಇಷ್ಟು ಅವಮಾನ ಯಾಕ’ ಎಂದೆ ಒಂದು ದಿನ.

‘ಬಿಟ್ಟು ಎಲ್ಲಿಗೆ ಹೋಗ್ಲಿ? ನನಗ ಇನ್ನೊಂದು ಮನೆ ಐತೇನು?’

ಮಧ್ಯಾಹ್ನ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು. ಗೋಡೆಯ ಈಚೆ ನನಗೆ ಕೇಳುತ್ತಿತ್ತು.

ತೊಂಬತ್ತೊಂಬತ್ತರ ಈಸ್ಟರ್ ತಿಂಗಳ ಮೊದಲ ಭಾನುವಾರವೇ ಬಂದಿತ್ತು. ಹಿಂದಿನ ದಿನ ಸಲೋಮಿ ಹಿಟ್ಟಿನ ಗಿರಣಿಗೆ ಹೋಗಿದ್ದಾಗ ನಾನು ಕಸ್ತೂರಮ್ಮನ ಹತ್ತಿರ ಕೂತಿದ್ದೆ. ‘ಹರಿಹರದಾಕಿ ನಾಳೆ ಮತ್ತ ಮೆರಿಯಾಕ ಹೊಂಟಾಳ’ ಎಂದು ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ. ಮೆರೆಯುವುದಾ? ಇದ್ದದ್ದನ್ನೆಲ್ಲ ಮುಖದ ಮೇಲೆ ಹೇಳಿಬಿಟ್ಟೆ. ಮುದುಕಿ ಬಲಗೈಯಿಂದ ಎಡಗೈಯ ಮುಷ್ಟಿಯನ್ನು ಸವರಿಕೊಂಡರು. ಆಮೇಲೆ ಒಂದೇ ಕೇಳಿದರು: ‘ನನ್ನ ಕೈ ಹಿಡಿದಿದ್ದಕ್ಕ ಆಕಿಗೆ ಉಣ್ಣಾಕ ಇಕ್ಕಲ್ಲೇನು?’

ಈಸ್ಟರ್ ಬೆಳಿಗ್ಗೆ ಸಲೋಮಿ ಎಂದಿನಂತೆ ಸ್ನಾನ ಮಾಡಿ ಹೋದರೆ, ಕಸ್ತೂರಮ್ಮ ಎಡಗೈಯನ್ನು ಕಂಬಳಿಯೊಳಗೆ ಹುದುಗಿಸಿಕೊಂಡು ಮಲಗಿದ್ದರು.

‘ಇವತ್ತು ಹಿಡಿಬ್ಯಾಡ. ಹೋಗಿ ಉಂಡು ಬಾ.’

ಎಷ್ಟು ಬೇಡಿಕೊಂಡರೂ ಕೈ ಹೊರಗೆ ಬರಲಿಲ್ಲ. ನೀರಾದರೂ ಕುಡಿಯಿರಿ ಎಂದರೆ ತುಟಿ ಬಿಗಿದರು. ಕೊನೆಗೆ ಸಲೋಮಿ ನನ್ನ ಜೊತೆ ಬಸ್ಸು ಹತ್ತಿದಳು. ಆರಾಧನೆಗೆ ಮೊದಲು ಅಯ್ಯನವರಿಗೆ, ‘ಇವತ್ತು ಹಿಡಿದಿಲ್ರಿ, ಅತ್ತೇರೇ ಬ್ಯಾಡ ಅಂದ್ರು’ ಎಂದಳು. ಅವರ ಮುಖ ಅರಳಿತು. ‘ದೇವರು ದೊಡ್ಡವನಮ್ಮ. ಬಾ ಮತ್ತೆ’ ಎಂದರು.

ಎರಡು ವರ್ಷದ ಮೇಲೆ ಅವಳು ನನ್ನ ಪಕ್ಕ ಮೊಣಕಾಲೂರಿದಳು. ಅಯ್ಯನವರು ತಟ್ಟೆ ಹಿಡಿದು ಬಂದು ಅವಳ ಮುಂದೆ ನಿಂತರು. ಅವಳು ಕೈ ಚಾಚಲಿಲ್ಲ.

‘ತಗೋಮ್ಮ’ ಎಂದರು.

‘ಮನಿಯಾಗ ನಮ್ಮತ್ತಿ ನೀರು ಸೈತ ಕುಡಿದಿಲ್ರಿ. ನಾನು ಹೆಂಗೆ ಉಣ್ಲಿ ಅಯ್ಯನವರೇ?’

ತಟ್ಟೆ ಅಲ್ಲೇ ನಿಂತಿತು. ಹಿಂದೆ ಜನ ಕಾಯುತ್ತಿದ್ದರು. ಸಲೋಮಿ ತಲೆಬಾಗಿ ನಮಸ್ಕರಿಸಿ, ಎದ್ದು, ನೇರವಾಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕೊನೆಯ ಹಾಡನ್ನು ಬಿಟ್ಟು ನಾನೂ ಅವಳ ಹಿಂದೆ ಓಡಿದೆ.

ಮನೆಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಕಸ್ತೂರಮ್ಮನ ತುಟಿಗಳು ಒಣಗಿ ಬಿರಿದಿದ್ದವು.

‘ಉಂಡೇನು?’ ಎಂದರು.

‘ಇಲ್ರಿ.’

‘ಯಾಕ, ಕೊಡ್ಲಿಲ್ಲೇನು?’

‘ಕೊಟ್ರು. ನೀವು ಉಪವಾಸ ಇದ್ರಿ. ನನಗ ಆಗ್ಲಿಲ್ಲ.’

ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದರು. ಹೆಗಲು ಅಲುಗುತ್ತಿತ್ತು. ಆಮೇಲೆ ಬಲಗೈಯಿಂದ ಆ ಬಿದ್ದ ಕೈಯನ್ನು ಕಂಬಳಿಯೊಳಗಿಂದ ಎಳೆದು ತೆಗೆದು ಸೊಸೆಯ ಮಡಿಲಿಗೆ ಹಾಕಿ, ‘ಬಿಡಿಸವ್ವ ಸಲೋಮಿ’ ಎಂದರು.