ಕಾಲುಚೀಲ ನುಂಗಿದ ಗಿಟಾರ್

ಲಾಂಡ್ರಿಯವನಿಗೆ ಜಾಝ್ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ಕೇಳಬೇಡಿ, ಅದು ಅವನ ಹೆಂಡತಿಗೇ ಗೊತ್ತಿಲ್ಲ. ಕೊಂಡ ಗಿಟಾರ್ ಅವನ ಜೇಬಿಗೆ ತಕ್ಕದ್ದು: ಪ್ಲೈವುಡ್ಡಿನದು, ಅಗ್ಗದ್ದು, ಆದರೆ ಥೇಟ್ ಜಾಝಿನ ದೊಡ್ಡವರು ನುಡಿಸುವಂಥದೇ. ಉಬ್ಬಿದ ಹೊಟ್ಟೆ, ನಡುವೆ ದುಂಡು ತೂತಿನ ಬದಲು ಅಕ್ಕಪಕ್ಕ ಎರಡು ಬಳುಕಿದ ಸೀಳು. ನೋಡಿದರೆ ಪಿಟೀಲಿನ ದೊಡ್ಡಪ್ಪ. ಇಸ್ತ್ರಿ ಮೇಜಿನ ಪಕ್ಕ ಕೂತು ಅವನು ಮೀಟುತ್ತಿದ್ದರೆ ಷರ್ಟು ಕೇಳಲು ಬಂದವರು ಮುಗಿಯುವವರೆಗೆ ಕಾಯಬೇಕು. ಕಾಯುತ್ತಿದ್ದರು ಕೂಡ, ಪಾಪ, ಷರ್ಟು ಅವನ ಹತ್ತಿರ ಇತ್ತಲ್ಲ.

ಗಿಟಾರಿಗೆ ಒಂದೇ ಕೆಟ್ಟ ಚಾಳಿ. ಸ್ಪೀಕರಿಗೆ ಜೋಡಿಸಿ ದನಿ ಏರಿಸಿದರೆ ಆ ಟೊಳ್ಳು ಹೊಟ್ಟೆ ಊಳಿಡುತ್ತಿತ್ತು. ಬೀದಿ ಕೊನೆಯ ಕೆಫೆಯಲ್ಲಿ ಡ್ರಮ್ಮಿನವನ ಜೊತೆ ಅಭ್ಯಾಸಕ್ಕೆ ಕೂತಾಗ ಊಳಿಟ್ಟ ರಭಸಕ್ಕೆ ಮಾಲೀಕನ ಕೈಯ ಕಪ್ಪು ಬಿತ್ತು. ಶನಿವಾರದ ಕಾರ್ಯಕ್ರಮದಲ್ಲಿ ಮತ್ತೆ ಹೀಗಾದರೆ ಇತ್ತ ತಲೆ ಹಾಕಬೇಡ ಎಂದ. ಜೀವಮಾನದಲ್ಲಿ ಮೊದಲ ಸಲ ಯಾರೋ ನುಡಿಸು ಬಾ ಎಂದು ಕರೆದಿದ್ದರು. ಲಾಂಡ್ರಿಯವನಿಗೆ ಊಟ ಸೇರಲಿಲ್ಲ.

ಹೊಟ್ಟೆಗೆ ಏನಾದರೂ ತುಂಬು, ಬಾಯಿ ಮುಚ್ಚುತ್ತದೆ ಎಂದು ಡ್ರಮ್ಮಿನವನು ಉಪಾಯ ಹೇಳಿಕೊಟ್ಟ. ಲಾಂಡ್ರಿಯವನು ಒಗೆದ ಬಟ್ಟೆಯ ಬುಟ್ಟಿಯಿಂದ ಮೊಣಕಾಲುದ್ದದ ಒಂದು ಉಣ್ಣೆ ಕಾಲುಚೀಲ ಎಳೆದು ಸೀಳಿನೊಳಗೆ ತುರುಕಿದ. ಜೊತೆಯಿಲ್ಲದ ಒಂಟಿ, ಯಾರು ಕೇಳುತ್ತಾರೆ ಎಂದುಕೊಂಡ. ಊಳು ನಿಂತೇಹೋಯಿತು.

ಶನಿವಾರ ಸಂಜೆ ಅದನ್ನು ಕೇಳುವವರು ಅಂಗಡಿಗೇ ಬಂದರು, ನಿವೃತ್ತ ಜಡ್ಜ್ ಸಾಹೇಬರು, ಒಂದು ಕಾಲಿಗೆ ಮಾತ್ರ ಉಣ್ಣೆ ಕಾಲುಚೀಲ ಹಾಕಿಕೊಂಡು. ಲಾಂಡ್ರಿಯವನ ಹೆಂಡತಿ ಅಂಗಡಿಯನ್ನೆಲ್ಲ ತಲೆಕೆಳಗು ಮಾಡಿದಳು. ಅವಳು ಅಲ್ಲಿ ಕೂತಂದಿನಿಂದ ಗಿರಾಕಿಗಳ ಒಂದು ಗುಂಡಿಯೂ ಕಳೆದಿರಲಿಲ್ಲ. ಅವಳ ಮುಖ ಬಾಡಿದ್ದು ನೋಡಲಾರದೆ ಅವನು ಬಾಯಿ ಬಿಟ್ಟ.

ಸಾಹೇಬರು ಕನ್ನಡಕ ಏರಿಸಿ ಗಿಟಾರಿನೊಳಗೆ ಇಣುಕಿ, ಅದು ತಮ್ಮದೇ ಎಂದು ಗಂಭೀರವಾಗಿ ಗುರುತಿಸಿದರು. ಅವರು ಗಿಟಾರನ್ನು ಬೋರಲು ಹಿಡಿದರು, ಅವನು ತಂತಿ ಸಡಿಲಿಸಿದ, ಅವಳು ಹ್ಯಾಂಗರ್ ಬಗ್ಗಿಸಿ ಹೆರಿಗೆ ಮಾಡಿಸುವವಳಂತೆ ಮೆಲ್ಲಗೆ ಎಳೆದಳು. ಸಾಹೇಬರು ಅಲ್ಲೇ ಕೂತು ಅದನ್ನು ಇನ್ನೊಂದು ಕಾಲಿಗೇರಿಸಿ ಹೊರಟರು.

ಕೆಫೆಯಿಂದ ಆಗಲೇ ಡ್ರಮ್ಮಿನ ಸದ್ದು ಬರುತ್ತಿತ್ತು. ಲಾಂಡ್ರಿಯವನು ತಂತಿ ಬಿಗಿದು ಶ್ರುತಿ ಮಾಡಿದ. ಅವನ ಕೈ ತಾನಾಗಿ ಬುಟ್ಟಿಯ ಕಡೆ ಹೋಯಿತು. ಹೆಂಡತಿ ತಡೆದಳು.

"ಅದನ್ನ ಮುಟ್ಟಬೇಡಿ. ಅದರಲ್ಲಿರೋದೆಲ್ಲ ಊರವರದ್ದು."

ಅವನೋ ವರ್ಷವಿಡೀ ಚಪ್ಪಲಿ ಮೆಟ್ಟುವವನು, ತನ್ನದೆನ್ನುವ ಒಂದು ಕಾಲುಚೀಲವೂ ಇಲ್ಲ. ತಾನು ಹೋಗುವುದಿಲ್ಲ ಎಂದು ಸ್ಟೂಲಿನ ಮೇಲೆ ಕುಸಿದು, ಖಾಲಿ ಗಿಟಾರನ್ನು ತಬ್ಬಿಕೊಂಡ. ಅವಳು ಏನೋ ಗೊಣಗುತ್ತ ಷಟರನ್ನು ಅರ್ಧಕ್ಕೆ ಎಳೆದಳು. ಗೋಡೆ ಹಿಡಿದು ಒಂಟಿ ಕಾಲಲ್ಲಿ ಓಲಾಡುತ್ತ ತನ್ನ ಕಾಲುಚೀಲಗಳನ್ನು ಕಳಚಿದಳು.

"ತಗೊಳ್ಳಿ. ಈ ಅಂಗಡೀಲಿ ನಮ್ದು ಅಂತ ಇರೋದು ಇವೆರಡೇ. ಬೆಳಗ್ಗಿಂದ ಹಾಕ್ಕೊಂಡಿದ್ದು, ವಾಸನೆ ಬಂದ್ರೆ ನನ್ನ ಕೇಳ್ಬೇಡಿ."

ಆ ಸಂಜೆ ಗಿಟಾರ್ ಒಂದು ಸಲವೂ ಊಳಿಡಲಿಲ್ಲ. ಅವಳು ಮುಂದಿನ ಸಾಲಿನಲ್ಲಿ ಬರಿಗಾಲನ್ನು ಕುರ್ಚಿಯ ಕೆಳಗೆ ಮಡಚಿಕೊಂಡು ಕೂತು, ಕೇಳಿದವರಿಗೂ ಕೇಳದವರಿಗೂ ಆ ಗಿಟಾರ್ ನಮ್ಮದು ಎಂದು ಹೇಳುತ್ತಿದ್ದಳು.