ಮುದ್ದಮ್ಮನ ಎಡಗಣ್ಣು

ಮಳವಳ್ಳಿ ಪೇಟೆಯಲ್ಲಿ ಪರದೆ ಫಕ್ರುದ್ದೀನ್ ಸಾಬರು ಅಂದರೆ ಗೊತ್ತಿಲ್ಲದವರೇ ಇರಲಿಲ್ಲ. ಸುತ್ತಿನ ಹಳ್ಳಿಗಳಲ್ಲಿ ಯಾರು ನಾಟಕ ಕಟ್ಟಲಿ, ಪರದೆ ಮಾತ್ರ ಇವರ ಕೈಯದೇ ಆಗಬೇಕು. ಅರಮನೆ, ಕಾಡು, ದರ್ಬಾರು, ಏನು ಬೇಕೋ ಕೇಳಿ. ಮುಂಪರದೆಯ ಮೇಲೆ ವೀಣೆ ಹಿಡಿದ ಸರಸ್ವತಿಯನ್ನೂ ಇದೇ ಸಾಬರು ಬರೆಯುತ್ತಿದ್ದರು. ಊರ ಗೌಡರು ಅದಕ್ಕೆ ಕೈಮುಗಿದು ನಾಟಕ ಶುರು ಮಾಡಿಸುತ್ತಿದ್ದರು. ಯಾರೂ ಚಕಾರ ಎತ್ತಿದವರಲ್ಲ.

ಆ ಅಂಗಡಿಗೆ ಒಂದು ಕಟ್ಟಳೆಯಿತ್ತು. ಶಿಷ್ಯ ಇಡೀ ಚಿತ್ರ ಬರೆದರೂ ಕಣ್ಣನ್ನು ಮಾತ್ರ ಮುಟ್ಟುವ ಹಾಗಿಲ್ಲ. ಗುಡ್ಡೆಯ ಜಾಗಕ್ಕೆ ಮಂಕು ಬೂದಿ ಬಣ್ಣ ಬಳಿದು ಸುಮ್ಮನಾಗಬೇಕು. ಆಮೇಲೆ ಸಾಬರು ಬಂದು, ಬಿಸ್ಮಿಲ್ಲಾ ಅಂದು, ಕಪ್ಪು ಗುಡ್ಡೆ ಬರೆದು, ಅದರ ಮೇಲೊಂದು ಬಿಳಿ ಚುಕ್ಕೆ ಇಡುತ್ತಿದ್ದರು. ಆಗಲೇ ಚಿತ್ರ ಮುಗಿಯಿತೆಂದು ಲೆಕ್ಕ. ಅವರ ಉಸ್ತಾದರೂ ಹಾಗೇ ಮಾಡುತ್ತಿದ್ದರು. ಇವರೂ ಮೂವತ್ತು ವರ್ಷದಿಂದ ಹಾಗೇ ಮಾಡಿಕೊಂಡು ಬಂದಿದ್ದರು.

ಸಾಬರಿಗೂ ಹೆಂಡತಿ ಜಾನ್ ಬೀಗೂ ಮಕ್ಕಳಿರಲಿಲ್ಲ. ಬೆಸಗರಹಳ್ಳಿಯ ವಿಧವೆ ಮುದ್ದಮ್ಮನ ಮಗ ಪುಟ್ಟರಾಜು ಮಳವಳ್ಳಿಯಲ್ಲಿ ಓದಲು ಬಂದವನು ಇವರ ಅಂಗಡಿಯಲ್ಲೇ ಉಳಿದು, ಕುಂಚ ಹಿಡಿದು, ಆ ಮನೆಯ ಮಗನಂತೆಯೇ ಆಗಿಬಿಟ್ಟ. ಕೈ ಅಂದರೆ ಕೈ! ಬರೆದ ಎತ್ತು ಎದ್ದು ಬಂದು ಹುಲ್ಲು ಕೇಳಬೇಕು, ಹಾಗೆ ಬರೆಯುತ್ತಿದ್ದ.

ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆಯಲ್ಲಿ ಪುಟ್ಟರಾಜು ಎಸ್.ಎಸ್.ಎಲ್.ಸಿ. ಮುಗಿಸಿದ. ಹೆಡ್‌ಮಾಸ್ತರು ಮಹದೇವಯ್ಯನವರು ಅಂಗಡಿಗೇ ಬಂದರು. ಈ ಹುಡುಗ ಪರದೆ ಬಳಿದುಕೊಂಡು ಇರತಕ್ಕವನಲ್ಲ, ಚಿತ್ರಶಾಲೆಗೆ ಹೋಗಬೇಕು ಅಂದರು. ಮೈಸೂರಿನಲ್ಲೊಂದಿದೆ, ಮದ್ರಾಸಿನಲ್ಲೊಂದಿದೆ. ಎರಡು ಕಡೆಯೂ ಅಭ್ಯರ್ಥಿ ಸ್ವಂತ ಕೈಯಲ್ಲಿ ಬರೆದ ಚಿತ್ರ ಕೇಳುತ್ತಾರೆ. ವಯಸ್ಸು ಇಪ್ಪತ್ತು ದಾಟಿರಬಾರದು. ಪುಟ್ಟರಾಜುವಿಗೆ ಶ್ರಾವಣಕ್ಕೆ ಇಪ್ಪತ್ತು ತುಂಬುತ್ತಿತ್ತು. ಹೋದರೆ ಈ ವರ್ಷ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಕೊನೆಯ ತಾರೀಕು ಎರಡಕ್ಕೂ ಒಂದೇ ವಾರದಲ್ಲಿತ್ತು, ಅಷ್ಟರೊಳಗೆ ಕಳಿಸಲು ಯೋಗ್ಯವಾದ ಚಿತ್ರ ಬರೆಯಲು ಆಗುವುದು ಒಂದೇ. ಹಾಗಾಗಿ ಒಂದನ್ನೇ ಆರಿಸಬೇಕಿತ್ತು.

ಮುದ್ದಮ್ಮ ಸುದ್ದಿ ಕೇಳಿ ಓಡಿಬಂದಳು. ಬಾಗಿಲ ಪಕ್ಕದಲ್ಲಿ ಓರೆಯಾಗಿ ನಿಂತು, ಸೆರಗನ್ನು ಎಡಗಡೆಗೆ ಕಿವಿಯವರೆಗೂ ಎಳೆದುಕೊಂಡು ಮಾತಾಡಿದಳು. ಯಾವಾಗಲೂ ಆಕೆ ನಿಲ್ಲುತ್ತಿದ್ದುದೇ ಹಾಗೆ. ಸಾಬರೂ ಹೆಂಗಸರ ಮುಖವನ್ನು ನೆಟ್ಟಗೆ ನೋಡುವವರಲ್ಲ, ನೆಲ ನೋಡಿಕೊಂಡೇ ಮಾತಾಡುವವರು.

"ಮೈಸೂರ್‌ಗೇ ಆಕ್ಸಿ ಸಾಬ್ರೆ. ವಾರುಕ್ಕೊಂದ್ ದಪ ಬಸ್ ಅತ್ಕಂಡು ಬತ್ತನೆ. ಆ ಮದ್ರಾಸ್‌ಗೆ ಜಪಾನ್ನೋರು ಬಾಂಬ್ ಆಕ್ತರಂತೆ!"

"ಬಾಂಬಿಗೆ ನಿನ್ನ ಮಗನ ವಿಳಾಸ ಗೊತ್ತೇನಮ್ಮ? ಮದ್ರಾಸಿಗೇ ಹೋಗ್ಲಿ ಬುಡು" ಅಂದರು ಸಾಬರು.

ಅವರ ಹಟಕ್ಕೆ ಕಾರಣವಿತ್ತು. ಹುಡುಗನಾಗಿದ್ದಾಗ ನಾಟಕ ಕಂಪನಿಯ ಜೊತೆ ಮದ್ರಾಸಿಗೆ ಹೋಗಿ, ಆ ಚಿತ್ರಶಾಲೆಯ ಗೇಟಿನ ಎದುರು ಒಂದಿಡೀ ದಿನ ನಿಂತಿದ್ದರು. ಒಳಗೆ ಹೋಗಿ ಕೇಳುವ ಧೈರ್ಯ ಬರಲಿಲ್ಲ. ಅದನ್ನು ಹೆಂಡತಿಗೂ ಹೇಳಿದವರಲ್ಲ, ಅಂದು ಶಿಷ್ಯನಿಗೆ ಹೇಳಿದರು. ಪುಟ್ಟರಾಜು, "ಆಯ್ತು ಉಸ್ತಾದ್ರೆ, ಮದ್ರಾಸೇ" ಅಂದ.

ನಾಲ್ಕು ಭಾನುವಾರ ಊರಿಗೆ ಹೋಗಿ, ತಾಯಿಯನ್ನು ಜಗಲಿಯ ಮೇಲೆ ಕೂರಿಸಿಕೊಂಡು ಅವಳನ್ನೇ ಬರೆದ. ಕಳಿಸುವ ದಿನ ಬಂತು. ವಯಸ್ಸಿನ ಸರ್ಟಿಫಿಕೇಟಿಗೆಂದು ಬೆಳಗ್ಗೆಯೇ ಮದ್ದೂರಿಗೆ ಹೋದವನು ಮಧ್ಯಾಹ್ನ ಮೂರಾದರೂ ಬರಲಿಲ್ಲ. ಯುದ್ಧದಿಂದ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಹಾಳಾದ ಬಸ್ಸು ಎಲ್ಲಿ ಕೆಟ್ಟು ನಿಂತಿತ್ತೋ! ಅಂಚೆ ಮುಚ್ಚುವ ಹೊತ್ತಾಗುತ್ತಿತ್ತು. ಸಾಬರು ಚಿತ್ರವನ್ನು ಕಟ್ಟಲು ಬಿಚ್ಚಿದರು.

ಮುಖವೆಲ್ಲ ಜೀವಂತ. ಬಲಗಣ್ಣನ್ನು ಹುಡುಗ ತಾನೇ ಬರೆದಿದ್ದ. ಎಡಗಣ್ಣಿನಲ್ಲಿ ಗುಡ್ಡೆಯ ಜಾಗಕ್ಕೆ ಬರೀ ಮಂಕು ಬೂದಿ ಬಣ್ಣವಿತ್ತು.

ಸಾಬರ ಎದೆ ತುಂಬಿಬಂತು. ಒಂದು ಕಣ್ಣು ತನ್ನದು, ಒಂದು ಕಣ್ಣು ಉಸ್ತಾದಿಗೆ! ಅಷ್ಟು ದೂರ ಹೋಗುವ ಚಿತ್ರದಲ್ಲೂ ನನ್ನ ಪಾಲು ಉಳಿಸಿದ್ದಾನಲ್ಲ ಅಂದುಕೊಂಡರು. ಸ್ವಂತ ಕೈಯ ಚಿತ್ರವೇ ಬೇಕೆಂಬ ಮಾಸ್ತರ ಮಾತು ಆ ಹೊತ್ತಿಗೆ ನೆನಪಾಗಲೇ ಇಲ್ಲ. ಬಿಸ್ಮಿಲ್ಲಾ ಅಂದು ಕಪ್ಪು ಗುಡ್ಡೆ ಬರೆದು ಬಿಳಿ ಚುಕ್ಕೆ ಇಟ್ಟರು. ಅದು ಆರಿದ ಮೇಲೆ ಬಟ್ಟೆ ಸುತ್ತಿ, ಹೊಲಿದು, ಅಂಚೆಗೆ ಕೊಟ್ಟು ಬಂದರು. ಪಾರ್ಸೆಲಿಗಿಂತ ಕಾಗದ ಬೇಗ ಮುಟ್ಟುತ್ತದೆಂದು ಸರ್ಟಿಫಿಕೇಟು ಮರುದಿನ ಬೇರೆ ಲಕೋಟೆಯಲ್ಲಿ ಹೋಯಿತು. ಕಣ್ಣಿನ ಮಾತು ಇಬ್ಬರ ನಡುವೆ ಬರಲೇ ಇಲ್ಲ. ಅಂಗಡಿಯಲ್ಲಿ ದಿನಾ ನಡೆಯುವುದನ್ನು ಯಾರು ತಾನೇ ಹೇಳಿಕೊಂಡು ಕೂರುತ್ತಾರೆ!

ಒಂದೂವರೆ ತಿಂಗಳಿಗೆ ಚಿತ್ರ ವಾಪಸು ಬಂತು, ಜೊತೆಗೊಂದು ಕಾಗದ. ಎಡಗಣ್ಣಿನ ಸುತ್ತ ನೀಲಿ ಪೆನ್ಸಿಲಿನ ಸುತ್ತು. ಹೆಡ್‌ಮಾಸ್ತರು ಓದಿ ಹೇಳಿದರು: "ಮುಖ ಬರೆದ ಕೈ ಬೇರೆ, ಈ ಕಣ್ಣು ಬರೆದ ಕೈ ಬೇರೆ. ಸ್ವಂತ ಕೆಲಸವಲ್ಲದ್ದರಿಂದ ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂತ ಬರೆದಿದ್ದಾರೆ."

"ನನಗೆ ಅಂತ ಬಿಟ್ಟಿದ್ದೆಯಲ್ಲೋ!" ಅಂದರು ಸಾಬರು.

"ಬುಟ್ಟಿರ್ನಿಲ್ಲ ಉಸ್ತಾದ್ರೆ. ಅವ್ವುನ್ ಕಣ್ಣೇ ಅಂಗದೆ. ಕಬ್ಬಿನ ಗರಿ ವಡ್ದು ಪೊರೆ ಕಟ್ಕಂಡದೆ. ಇದ್ದಂಗೇ ಬರ್ದಿದ್ದೆ."

ಮೈಸೂರಿನ ತಾರೀಕು ಎಂದೋ ಮುಗಿದಿತ್ತು. ಶ್ರಾವಣಕ್ಕೆ ಹತ್ತೇ ದಿನ ಉಳಿದಿತ್ತು. ಪುಟ್ಟರಾಜು ಎಂದಿನಂತೆ ಬಣ್ಣ ಅರೆಯಲು ಕೂತ. ಬೈದಿದ್ದರೂ ಸಾಬರು ತಡೆದುಕೊಳ್ಳುತ್ತಿದ್ದರು. ಹುಡುಗನನ್ನು ಬಿಟ್ಟಿರಲಾರದೆ ಬೇಕಂತಲೇ ಮಾಡಿದೆನೇ ಎಂದು ತಮ್ಮನ್ನೇ ಕೇಳಿಕೊಂಡು ಬೆಂದುಹೋದರು. ಎರಡು ದಿನ ಅನ್ನ ಸೇರಲಿಲ್ಲ.

ಮೂರನೆಯ ದಿನ ಮುದ್ದಮ್ಮ ಬಂದಳು. ಅದೇ ಓರೆ, ಅದೇ ಸೆರಗು. ಸೀಟು ಸಿಕ್ಕಲಿಲ್ಲವೆಂದಷ್ಟೇ ಅವಳಿಗೆ ಗೊತ್ತು. ಚಿತ್ರ ಪೂರ್ತಿಯಾದ ಮೇಲೆ ಅವಳು ನೋಡಿರಲಿಲ್ಲ. ಈಗ ತೆಗೆದುಕೊಂಡು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ನೋಡಿದವಳೇ ಕಿಲಕಿಲ ನಕ್ಕಳು.

"ಅಯ್ಯೋ ನನ್ನಪ್ಪಾ! ನನ್ ಎಡಗಣ್ಣ ಎಂಗ್ ಸರಿ ಮಾಡವ್ನೆ ನೋಡಿ ಸಾಬ್ರೆ! ಇಂತಾದ್ನೂ ಬ್ಯಾಡ ಅಂದ್ರಾ? ಅವ್ರಿಗೇ ಕಣ್ಣಿಲ್ಲ ಬುಡ್ಲಾ ಮಗ. ಇದೇನಿದು, ನೀಲಿ ಸುತ್ತು?"

"ಆ ಕಣ್ಣು ಚಂದಾಗದೆ ಅಂತ ಗುರ್ತು ಆಕವ್ರೆ ಕಣವ್ವ" ಅಂದ ಪುಟ್ಟರಾಜು, ತಲೆ ಎತ್ತದೆ.

ಸಾಬರಿಗೆ ಆ ಸುಳ್ಳನ್ನು ನುಂಗಲಾಗಲಿಲ್ಲ. "ಇಲ್ಲ ಕಣಮ್ಮ. ಆ ಕಣ್ಣು ಬರೆದವನು ನಾನು. ನಿನ್ನ ಕಣ್ಣು ಹಾಗಿದೆ ಅಂತ ನನಗೆ ಗೊತ್ತಿರಲಿಲ್ಲ. ನಿನ್ನ ಮಗನ ಓದು ಹೋದದ್ದು ನನ್ನಿಂದ" ಅಂದರು. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಮುದ್ದಮ್ಮನ ನಗು ನಿಂತುಹೋಯಿತು. ಚಿತ್ರವನ್ನು ಚಾಪೆಯ ಮೇಲಿಟ್ಟಳು. ಮೆಲ್ಲಗೆ ಅಂದಳು:

"ಏಳು ವರ್ಷದಿಂದ ನಿಮ್ಮನೆ ಬಾಗ್ಲಿಗೆ ಬತ್ತಾ ಇವ್ನಿ. ಒಂದ್ ದಪ ಮಖ ತೋರ್ಸಿದ್ರೆ ಆಗೋದು ಸಾಬ್ರೆ. ನಾಚ್ಕೆ ಅಂತ ಮುಚ್ಕತಿದ್ದೆ."

ಸೆರಗನ್ನು ಹಿಂದಕ್ಕೆ ಸರಿಸಿ, ಅವರ ಕಡೆಗೆ ತಿರುಗಿ ನೆಟ್ಟಗೆ ನಿಂತಳು. ಸಾಬರು ಮೊದಲ ಸಲ ಅವಳ ಮುಖಕ್ಕೆ ಮುಖ ಕೊಟ್ಟು ನೋಡಿದರು. ಎಡಗಣ್ಣಿನಲ್ಲಿ ಅದೇ ಮಂಕು ಬೂದಿ ಬಣ್ಣವಿತ್ತು. ಪುಟ್ಟರಾಜು ಎಳ್ಳಷ್ಟೂ ತಪ್ಪಿರಲಿಲ್ಲ.