ತಳಕ್ಕೆ ತಾಗಿದ ಬಿಲ್ಲೆ

ಮಕ್ತುಮ್‌ಸಾಬ್ ಸಿಂಧನೂರಿನ ಬಸವಂತರಾಯರ ಕಾರಿನ ಡ್ರೈವರ್. ನಿಜಾಮರ ಕಾಲ, ಜರ್ಮನಿಯ ಯುದ್ಧ ಶುರುವಾಗಿ ವರ್ಷ ಕಳೆದಿತ್ತು. ಹತ್ತಿ ಬಿಡಿಸುವ ಜಿನ್ನಿನ ಇಂಜಿನ್ನಿಗೆ ಹಾಕುವ ಡೀಸೆಲ್ ಎಣ್ಣೆಯಲ್ಲೇ ಓಡುವ ಆ ಕಾರನ್ನು ಮುಟ್ಟಲು ಉಳಿದವರು ಹೆದರುತ್ತಿದ್ದರು. ಅವನೂ ಹೆದರುತ್ತಿದ್ದ, ಬಿಸ್ಮಿಲ್ಲಾ ಎನ್ನದೆ ಒಂದು ದಿನವೂ ಶುರುಮಾಡಿದವನಲ್ಲ.

ಆ ಇಂಜಿನ್ನಿನಲ್ಲಿ ಥರ್ಮಾಸ್ಟಾಟ್ ಎಂಬ ಹಿತ್ತಾಳೆಯ ಬಿಲ್ಲೆಯೊಂದಿತ್ತು. ಒಳಗಿನ ನೀರು ಹದವಾಗಿ ಕಾಯುವವರೆಗೆ ಅದು ದಾರಿ ಮುಚ್ಚಿಕೊಂಡಿರುತ್ತದೆ. ಕಾದ ಮೇಲೆ ತೆರೆದು, ನೀರನ್ನು ತಣಿಯಲು ರೇಡಿಯೇಟರಿಗೆ ಬಿಡುತ್ತದೆ. ಎಂಬತ್ತು ಡಿಗ್ರಿಗೆ ತೆರೆಯಬೇಕೆಂದು ಅದರ ಮೇಲೇ ಕೊರೆದಿತ್ತು. ಒಂದು ಸಂಜೆ ಅದು ಸರಿಯಾಗಿ ತೆರೆಯುತ್ತದೋ ಇಲ್ಲವೋ ಎಂದು ಅನುಮಾನ ಬಂದು ಅವನು ಅದನ್ನು ಬಿಚ್ಚಿ ತಂದು, ಹೆಂಡತಿ ಸಕೀನಾಬೀಯ ಪಾತ್ರೆಯ ನೀರಿನಲ್ಲಿ ಹಾಕಿ ಒಲೆಯ ಮೇಲಿಟ್ಟ. ಡಿಗ್ರಿ ಅಳೆಯುವ ಸಾಧನ ಅವನಲ್ಲಿರಲಿಲ್ಲ. ನೀರು ಕುದಿಯುವುದಕ್ಕೆ ಎಷ್ಟೋ ಮೊದಲೇ ಬಿಲ್ಲೆ ತೆರೆಯಿತು. ಸಮಾಧಾನದಿಂದ ತಿರುಗಿ ಜೋಡಿಸಿದ.

ಮರುದಿನ ಬೆಳಿಗ್ಗೆ ರಾಯರ ನಾಲ್ಕು ವರ್ಷದ ಮೊಮ್ಮಗಳು ಬಸವಣ್ಣೆಮ್ಮನ ಗಂಟಲಲ್ಲಿ ಹುಣಸೆ ಬೀಜ ಸಿಕ್ಕಿಕೊಂಡಿತು. ಉಸಿರು ಸೀಟಿಯಂತೆ ಕೂಗುತ್ತಿತ್ತು. ತೇವಕ್ಕೆ ಬೀಜ ಉಬ್ಬುತ್ತದೆಂದು ಎಲ್ಲರಿಗೂ ಗೊತ್ತು. ಲಿಂಗಸುಗೂರಿನ ದವಾಖಾನೆಗೆ ಒಯ್ಯಲೇಬೇಕು.

ಸುದ್ದಿ ಕೇಳಿ ಓಡುತ್ತ ಹೊರಟ ಮಕ್ತುಮ್‌ಸಾಬನನ್ನು ಸಕೀನಾಬೀ ಮನೆಯ ಬಾಗಿಲಲ್ಲಿ ತಡೆದಳು.

“ಏನ್ರೀ, ರೊಟ್ಟಿ ಬಡಿಯೂವಾಗ ಈಗ ಹೊಳೀತು. ನಿಮ್ಮ ಬಿಲ್ಲಿ ಪಾತ್ರಿ ತಳಕ್ಕ ಕುಂತಿತ್ತಲ್ಲ?”

“ಕುಂತ್ರ ಏನಾತು?”

“ಅಯ್ಯ, ಶ್ಯಾಣ್ಯಾರು! ಕಡುಬು ಬೇಸೂವಾಗ ತಳಕ್ಕ ಜ್ವಾಳದ ದಂಟು ಯಾಕ ಹಾಸ್ತಾರ? ತಳ ಮುಟ್ಟಿದ್ದು ಮೊದಲ ಸೀಯ್ತದ. ಅದು ತೆರದದ್ದು ಒಲಿ ಬಿಸಿಗಿ, ನೀರಿನ ಬಿಸಿಗಿ ಅಲ್ರಿ.”

ಅವನಿಗೆ ತನ್ನ ತಪ್ಪು ತಿಳಿಯಿತು. ಬಿಲ್ಲೆಗೆ ದಾರ ಕಟ್ಟಿ ನೀರಿನ ನಡುವೆ ಇಳಿಬಿಡಬೇಕಿತ್ತು. ಈಗ ಬಿಚ್ಚಲು ಹೊತ್ತಿಲ್ಲ. ರಾಯರಿಗೆ ಹೇಳಲು ಧೈರ್ಯವಿಲ್ಲ.

ದಾರಿಯುದ್ದಕ್ಕೂ ಬಿಸಿ ತೋರಿಸುವ ಮುಳ್ಳು ಏರುತ್ತಲೇ ಇತ್ತು. ತೊಂಬತ್ತು ದಾಟಿತು. ಹಿಂದಿನ ಸೀಟಿನಲ್ಲಿ ರಾಯರ ತೊಡೆಯ ಮೇಲಿದ್ದ ಮಗುವಿನ ಉಸಿರಿನ ಸದ್ದು ಸಣ್ಣದಾಗುತ್ತ ಬಂತು. ಮಸ್ಕಿಯ ಗುಡ್ಡ ಕಾಣುವಷ್ಟರಲ್ಲಿ ಮುಳ್ಳು ನೂರರ ಹತ್ತಿರ ನಡುಗಿತು. ಇನ್ನೂ ಓಡಿಸಿದರೆ ಇಂಜಿನ್ ಬಿಗಿದು ನಿಲ್ಲುತ್ತದೆ, ಮತ್ತೆ ಏಳುವುದಿಲ್ಲ. ಅವನು ಕಾರು ನಿಲ್ಲಿಸಿದ.

“ಯಾಕ ನಿಂತಿ ಲೇ ಮಕ್ತುಮ? ಕೂಸಿನ ಮಾರಿ ನೋಡು!”

“ತಪ್ಪು ನಂದ್ರಿ, ಧಣಿ. ಪರೀಕ್ಷಾ ತಪ್ಪು ಮಾಡಿ ಕೆಟ್ಟ ಸಾಮಾನು ಹಾಕೀನಿ. ಅದನ್ನ ಕಿತ್ತೊಗದ್ರ ಗಾಡಿ ಮುಂದ ಹೋಗ್ತದ.”

ರಾಯರು ಮಗುವನ್ನು ಎದೆಗೆ ಎತ್ತಿಕೊಂಡರು. “ಬೈಯಾಕ ಹೊತ್ತಿಲ್ಲ. ಕೀಳು.”

ಇಂಜಿನ್ ಆರಲು ತಾಸು ಬೇಕು. ಅವನು ಕಾಯಲಿಲ್ಲ. ರುಮಾಲು ಕೈಗೆ ಸುತ್ತಿ ಬಿಲ್ಲೆಯ ಮೇಲಿನ ಮುಚ್ಚಳ ಸಡಿಲಿಸಿದ. ಕುದಿನೀರು ಮೊಣಕೈವರೆಗೆ ಚಿಮ್ಮಿತು. ಬಿಲ್ಲೆ ಬಿಗಿಯಾಗಿ ಮುಚ್ಚಿಕೊಂಡೇ ಇತ್ತು. ಅದನ್ನು ಕಿತ್ತು, ಮುಚ್ಚಳ ಬಿಗಿದು, ಇಂಜಿನ್ ಶುರುಮಾಡಿ ಕಾರಿನಲ್ಲಿದ್ದ ಡಬ್ಬಿಯ ನೀರನ್ನು ರೇಡಿಯೇಟರಿಗೆ ಸಣ್ಣ ಧಾರೆಯಾಗಿ ಸುರಿದ. ತಣ್ಣೀರು ಒಮ್ಮೆಲೇ ಬಿದ್ದರೆ ಕಾದ ಕಬ್ಬಿಣ ಸೀಳುತ್ತದೆ. ಹಿಂದೆ ರಾಯರು ಶಿವನನ್ನು ಕರೆಯುತ್ತಿದ್ದರು. ಇವನ ತುಟಿಯೂ ಸುಮ್ಮನಿರಲಿಲ್ಲ. ಮುಳ್ಳು ಇಳಿಯಿತು.

ಲಿಂಗಸುಗೂರಿನಲ್ಲಿ ಮಗುವನ್ನು ಒಳಗೊಯ್ದರು. ಅವನು ಹೊರಗೆ ಗೋಡೆಗೆ ಮುಖ ಮಾಡಿ ನಿಂತ. ಬಹಳ ಹೊತ್ತು ಒಳಗಿನಿಂದ ಏನೂ ಕೇಳಲಿಲ್ಲ. ಆಮೇಲೆ ಮಗು ಚೀರಿ ಅತ್ತಿತು. ಅಳುವಷ್ಟು ಉಸಿರಿತ್ತು. ಆಗ ಅವನ ಕೈ ಉರಿಯತೊಡಗಿತು.

ರಾಯರು ಹೊರಬಂದರು.

“ಗ್ವಾಡಿ ಏನು ನೋಡಾಕತ್ತಿ? ಡಾಕ್ಟರ್ ಸಾಬರು ಖಾಲಿ ಆಗ್ಯಾರ. ಒಳಗ ಬಾ, ಕೈ ತೋರ್ಸು.”